ಉಪವಾಸ ಒಬ್ಬರದ್ದು, ಹಸಿವು ಇಬ್ಬರದ್ದು: ಒಂದು ದಂಪತಿಯ ಪ್ರಕರಣ

ಈ ಕೇಸ್ ಬರೀಬೇಕೋ ಬೇಡ್ವೋ ಅಂತ ತುಂಬಾ ದಿನ ತಲೆ ಕೆಡಿಸ್ಕೊಂಡಿದ್ದೆ, ಕೊನೆಗೆ ಆ ಹುಡುಗಿನೇ "ಬರೀರಿ ಆಂಟಿ, ನಮ್ಮ ಹೆಸರೊಂದು ಹಾಕ್ಬೇಡಿ ಅಷ್ಟೆ" ಅಂದ್ಲು, ಅವನೂ ಹೂಂ ಅಂದ. ಹಾಗಾಗಿ ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ದೇವಶಾಸ್ತ್ರ ಓದಿ ಡಿಗ್ರಿ ತಗೊಂಡವಳೂ ಅಲ್ಲ. ನಮ್ಮ ಯಜಮಾನ್ರೂ ನಾನೂ ನಮ್ಮ ಚರ್ಚ್ ಸಭೆಯಲ್ಲಿ ಮದುವೆ ಆದವರ ಜೊತೆ ಕೂತು ಮಾತಾಡೋ ಜವಾಬ್ದಾರಿ ಹೊತ್ಕೊಂಡು ವರ್ಷಗಳಾದ್ವು, ಅದಕ್ಕೆ ಬೇಕಾದಷ್ಟು ಓದ್ಕೊಂಡಿದೀನಿ, ತಪ್ಪೂ ಮಾಡಿದೀನಿ. ಈ ಕೇಸಲ್ಲೂ ಒಂದು ದೊಡ್ಡ ತಪ್ಪು ಮಾಡ್ದೆ, ಅದನ್ನೂ ಹೇಳ್ತೀನಿ.

ಮೊದಲು ಬಂದಿದ್ದು ಅವಳೊಬ್ಳೇ. ಮದುವೆಯಾಗಿ ಐದು ವರ್ಷ, ಎರಡು ವರ್ಷದ ಮಗು. ಬಂದು ಕೂತು ಅರ್ಧ ಗಂಟೆ ಮಗು ವಿಷಯ, ಕೆಲಸದ ವಿಷಯ, ನಿದ್ದೆ ಸಾಲಲ್ಲ ಅನ್ನೋ ವಿಷಯ ಎಲ್ಲ ಮಾತಾಡಿ, ಎದ್ದು ಹೊರಡೋವಾಗ ಬಾಗಿಲ ಹತ್ರ ನಿಂತ್ಕೊಂಡು "ಆಂಟಿ, ಹೆಂಡತಿಗೆ ಆಸೆ ಇದ್ರೆ ಅದು ಪಾಪಾನಾ?" ಅಂದ್ಲು. ಕೈ ಹಿಡಿದು ಮತ್ತೆ ಕೂರಿಸ್ದೆ.

ಹತ್ತೊಂಬತ್ತು ತಿಂಗಳಿಂದ ಗಂಡ ಅವಳನ್ನ ಮುಟ್ಟಿಲ್ಲ. ಜಗಳ ಇಲ್ಲ, ಬೈಗುಳ ಇಲ್ಲ, ಮಗುವಿನ ಡೈಪರ್ ಬದಲಾಯಿಸ್ತಾನೆ, ಪಾತ್ರೆ ತೊಳೀತಾನೆ, ಹೊರಗಿಂದ ನೋಡಿದ್ರೆ ಎಲ್ಲಾ ಸರಿ. ರಾತ್ರಿ ಆದ್ರೆ ಮಾತ್ರ ಹಾಲ್‌ನಲ್ಲಿ ಬೈಬಲ್ ಹಿಡ್ಕೊಂಡು ಕೂತ್ಬಿಡ್ತಾನೆ, ಪ್ರಾರ್ಥನೆ ಮಾಡ್ತಾ ಮಾಡ್ತಾ ಅಲ್ಲೇ ಮಲಗ್ತಾನೆ. ಮೊದಲು 21 ದಿನದ ಉಪವಾಸ ಪ್ರಾರ್ಥನೆ ಅಂದ, ಆಮೇಲೆ 40 ದಿನ ಅಂದ, ಅದಾದ್ಮೇಲೆ ಲೆಕ್ಕನೇ ಇಲ್ಲ. ಕೇಳಿದ್ರೆ "ದೇವರಿಗೋಸ್ಕರ ನನ್ನನ್ನ ಪ್ರತ್ಯೇಕಿಸ್ಕೊಂಡಿದೀನಿ" ಅಂತಾನೆ. ದೇವರನ್ನೇ ಮಧ್ಯೆ ತಂದು ನಿಲ್ಲಿಸಿದ್ಮೇಲೆ ಅವಳು ಏನಂತ ಎದುರು ಮಾತಾಡ್ತಾಳೆ ಹೇಳಿ. ಸಭೆಯಲ್ಲಿ ಎಲ್ರೂ "ನಿನ್ನ ಗಂಡ ಎಂಥ ಪ್ರಾರ್ಥನಾ ವೀರ, ನೀನು ಆಶೀರ್ವಾದ ಹೊಂದಿದವಳು" ಅಂತಾರೆ, ಅವಳು ನಕ್ಕು ಮನೆಗೆ ಬಂದು ಬಾತ್‌ರೂಮಲ್ಲಿ ನಲ್ಲಿ ತಿರುಗಿಸಿ ಅಳ್ತಾಳೆ.

ನಮ್ಮ ಹತ್ರ ಬರೋ ದೂರು ಹೆಚ್ಚಾಗಿ ಇದರ ಉಲ್ಟಾ ಇರುತ್ತೆ, ಗಂಡ ಬಂದು "ಅವಳು ಒಪ್ಪಲ್ಲ" ಅನ್ನೋದು. ಆ ಅಭ್ಯಾಸ ಬಲದಿಂದ ನಾನೂ ಥಟ್ಟಂತ ಬೈಬಲಿನ 1 ಕೊರಿಂಥ, ಅಂದ್ರೆ ಕೊರಿಂಥ ಊರಿನ ಸಭೆಗೆ ಅಪೊಸ್ತಲ ಪೌಲ ಬರೆದ ಪತ್ರದ 7ನೇ ಅಧ್ಯಾಯಕ್ಕೆ ಕೈ ಹಾಕ್ದೆ. 3ರಿಂದ 5ನೇ ವಚನ ಚೀಟಿಯಲ್ಲಿ ಬರೆದುಕೊಟ್ಟು "ಇದನ್ನ ಅವನಿಗೆ ಓದಿ ಹೇಳು, ನಿನಗೂ ಹಕ್ಕಿದೆ" ಅಂದೆ. ನನ್ನ ತಪ್ಪು ಇದೇ. ಅವಳು ಪಾಪ ಅದೇ ರಾತ್ರಿ ಓದಿದ್ಲು. ಅವನು ಅದೇ ವಚನನ ತಿರುಗಿಸಿ "ಪ್ರಾರ್ಥನೆಗೋಸ್ಕರ ಅಗಲಿ ಇರಬಹುದು ಅಂತ ಇದರಲ್ಲೇ ಇದೆಯಲ್ಲ, ನಾನು ಮಾಡ್ತಿರೋದೇ ಅದು" ಅಂದ. ಇಬ್ರೂ ಒಂದೇ ವಚನದ ಎರಡು ತುದಿ ಹಿಡ್ಕೊಂಡು ಎಳೆದಾಡಿ, ಮರುದಿನದಿಂದ ಅವನು ಇದ್ದಬದ್ದ ಮಾತೂ ನಿಲ್ಲಿಸ್ಬಿಟ್ಟ. ವಾಕ್ಯನ ಸಾಲದ ಪತ್ರದ ಥರ ಮುಂದೆ ಹಿಡಿದ್ರೆ ಯಾರಿಗೆ ಪ್ರೀತಿ ಹುಟ್ಟುತ್ತೆ.

ಆಮೇಲೆ ನಾನೇ ಕೂತು ಆ ಭಾಗನ ನಿಧಾನವಾಗಿ ಮತ್ತೆ ಓದ್ದೆ. ಪೌಲ ಅಲ್ಲಿ ಯಾರಿಗೂ "ನಿನ್ನ ಪಾಲು ವಸೂಲಿ ಮಾಡ್ಕೋ" ಅಂತ ಹೇಳಿಲ್ಲ. ಗಂಡ ಹೆಂಡತಿಗೆ ಸಲ್ಲಬೇಕಾದ್ದನ್ನ ಕೊಡಲಿ, ಹೆಂಡತಿ ಗಂಡನಿಗೆ ಕೊಡಲಿ ಅಂತಾನೆ, ಎರಡೂ ಕಡೆ ಮಾತು ಕೊಡೋವರಿಗೆ, ಕೇಳೋವರಿಗಲ್ಲ, ಅದೂ ಶುರು ಮಾಡಿದ್ದು ಗಂಡನಿಂದ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಅಂದ್ರೆ ಆ ಕಾಲದಲ್ಲಿ ಯಾರೂ ಹುಬ್ಬೇರಿಸ್ತಿರಲಿಲ್ಲ, ಆದ್ರೆ ಅದೇ ಉಸಿರಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೆ ಅಧಿಕಾರ ಅಂದಿದ್ದು ಕೊರಿಂಥದವರಿಗೆ ಸಿಡಿಲು ಬಡಿದಂಗೆ ಆಗಿರಬೇಕು. ಅಧಿಕಾರ ಇಬ್ಬರದ್ದೂ ಅಂದ್ಮೇಲೆ "ಬಾ" ಅನ್ನೋ ಅಧಿಕಾರವೂ ಇಬ್ಬರದ್ದು, "ಈಗ ನಿಲ್ಲಿಸು" ಅನ್ನೋ ಅಧಿಕಾರವೂ ಇಬ್ಬರದ್ದು.

ಇನ್ನು ಐದನೇ ವಚನ. ಕೊರಿಂಥದಲ್ಲಿ ಸಮಸ್ಯೆ ಎರಡು ಥರ ಇತ್ತು, ಕೆಲವರು ವೇಶ್ಯೆಯರ ಹತ್ರ ಹೋದ್ರೂ ಏನಾಗಲ್ಲ ಅಂತಿದ್ರು (ಅದು 6ನೇ ಅಧ್ಯಾಯದಲ್ಲಿದೆ), ಇನ್ನು ಕೆಲವರು ಭಕ್ತಿ ಜಾಸ್ತಿಯಾಗಿ ಕಟ್ಕೊಂಡವರನ್ನೂ ಮುಟ್ಟಬಾರದು ಅಂತಿದ್ರು. "ಸ್ತ್ರೀಯನ್ನ ಮುಟ್ಟದಿರೋದು ಒಳ್ಳೇದು" ಅನ್ನೋ 7ನೇ ಅಧ್ಯಾಯದ ಮೊದಲ ಮಾತು ಪೌಲನದ್ದಲ್ಲ, ಅವರು ಪತ್ರದಲ್ಲಿ ಬರೆದಿದ್ದನ್ನೇ ಅವನು ಎತ್ತಿ ಹೇಳ್ತಿದಾನೆ ಅಂತ ಇವತ್ತು ಬಹಳಷ್ಟು ಪಂಡಿತರು ಓದ್ತಾರೆ. ಅಂದ್ರೆ ಈ ವಚನ ಬರೆದಿದ್ದೇ ನಮ್ಮ ಹುಡುಗನಂಥವರಿಗೆ! ಅಲ್ಲಿ "ವಂಚಿಸಬೇಡಿ" ಅಂತ ಬರೋ ಗ್ರೀಕ್ ಪದ, ಹಿಂದಿನ ಅಧ್ಯಾಯದಲ್ಲಿ ಕೋರ್ಟಿಗೆ ಹೋಗೋ ಜಗಳದಲ್ಲಿ ಇನ್ನೊಬ್ಬರದ್ದನ್ನ ಲಪಟಾಯಿಸೋದಕ್ಕೆ ಬಳಸಿದಾನಲ್ಲ, ಅದೇ ಪದ. ಅಷ್ಟು ಖಾರ. ಅಗಲೋಕೆ ಅನುಮತಿ ಇದೆ, ಆದ್ರೆ ಇಬ್ಬರ ಒಪ್ಪಿಗೆ ಇರಬೇಕು, ಇಷ್ಟು ದಿನ ಅಂತ ಗಡುವು ಇರಬೇಕು, ಆಮೇಲೆ ಮತ್ತೆ ಕೂಡಬೇಕು. ಒಪ್ಪಿಗೆ ಅನ್ನೋ ಕಡೆ ಇರೋ ಪದ ಸುಂಫೋನೋಸ್, ಸಿಂಫೋನಿ ಅನ್ನೋ ಪದ ಬಂತಲ್ಲ, ಅದೇ ಮೂಲ, ದನಿಗಳು ಕೂಡಿ ಬರೋದು. ಒಬ್ಬನೇ ಬಾರಿಸಿದ್ರೆ ಅದು ಸಿಂಫೋನಿ ಹೇಗಾಗುತ್ತೆ? ಇನ್ನೊಂದು ವಿಷ್ಯ, ಹಳೇ ಭಾಷಾಂತರ ಕೆಲವದರಲ್ಲಿ "ಉಪವಾಸ ಮತ್ತು ಪ್ರಾರ್ಥನೆ" ಅಂತ ಇದೆ, ಅತಿ ಹಳೇ ಹಸ್ತಪ್ರತಿಗಳಲ್ಲಿ ಬರೀ ಪ್ರಾರ್ಥನೆ ಮಾತ್ರ ಇರೋದು, ಉಪವಾಸ ಆಮೇಲೆ ಸೇರಿದ್ದು. ಸನ್ಯಾಸಿಗಳು ಕಾಪಿ ಮಾಡೋವಾಗ ಕೈ ಸುಮ್ನಿರಲಿಲ್ವೇನೋ, ಇದು ನನ್ನ ಕುಚೋದ್ಯ ಅಷ್ಟೇ.

ಆದ್ರೆ ಇಷ್ಟೆಲ್ಲ ಓದ್ಕೊಂಡು ಅವನ ಮುಂದೆ ವಾದ ಮಾಡೋಕೆ ಹೋಗಲಿಲ್ಲ, ಒಂದು ಸಲ ಸುಟ್ಕೊಂಡಿದ್ದು ಸಾಕಾಗಿತ್ತು. ಅವನ ಜೊತೆ ನಮ್ಮ ಯಜಮಾನ್ರು ಕೂತ್ರು, ನಾನಿಲ್ಲದೆ, ಎರಡು ಸಲ. ಮೊದಲ ಸಲ ಬರೀ ಆತ್ಮಿಕ ಮಾತು. ಎರಡನೇ ಸಲ ಯಜಮಾನ್ರು "ಬ್ರದರ್, ಉಪವಾಸ ಶುರು ಮಾಡೋಕೆ ಮುಂಚೆ ಮನೇಲಿ ಏನಾಯ್ತು?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ನಾದ್ರಂತೆ. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಹೊರಗೆ ಬಂತು.

ಡೆಲಿವರಿ ಕಷ್ಟದ್ದಾಗಿತ್ತು, ಹರಿದು ಹೊಲಿಗೆ ಹಾಕಿದ್ರು. ಆರು ವಾರದ ಚೆಕಪ್‌ನಲ್ಲಿ ಗಾಯ ವಾಸಿಯಾಗಿದೆ ಅಂದ್ರು. ಮೂರನೇ ತಿಂಗಳು ಒಂದು ರಾತ್ರಿ ಇಬ್ರೂ ಹತ್ರ ಬಂದ್ರು, ಅವಳಿಗೆ ಚಾಕು ಇಟ್ಟಂಗೆ ನೋವು, "ನಿಲ್ಸಿ ನಿಲ್ಸಿ" ಅಂತ ಕಿರುಚಿ ಅತ್ಲು. ಅವನು ಆ ಕ್ಷಣನೇ ನಿಲ್ಲಿಸ್ದ. ಅವಳು ಅತ್ತು ಮಗುಗೆ ಹಾಲು ಕುಡಿಸಿ ಸುಸ್ತಾಗಿ ನಿದ್ದೆ ಹೋದ್ಲು, ಬೆಳಿಗ್ಗೆಗೆ ಹೆಚ್ಚುಕಮ್ಮಿ ಮರೆತೂ ಬಿಟ್ಲು. ಇವನು ಮಾತ್ರ ರಾತ್ರಿಯೆಲ್ಲ ಗೋಡೆಗೊರಗಿ ಕೂತು "ನಾನು ಮೃಗ, ನನ್ನ ಆಸೆಗೋಸ್ಕರ ಇವಳನ್ನ ಹಿಂಸೆ ಮಾಡ್ದೆ" ಅಂತ ತೀರ್ಮಾನ ಮಾಡ್ಕೊಂಡ. ಒಂದು ತಿಂಗಳು ಬಿಟ್ಟು ಅವಳೇ ಹತ್ರ ಬಂದಾಗ ಇವನ ದೇಹ ಸಾಥ್ ಕೊಡಲಿಲ್ಲ, ನಿಮಿರುವಿಕೆನೇ ಆಗಲಿಲ್ಲ. ಅದರ ಅವಮಾನ ಒಂದು ಕಡೆ. ಮತ್ತೊಂದು ಕಡೆ ರಾತ್ರಿ ಮೊಬೈಲಲ್ಲಿ ಕೆಟ್ಟ ವಿಡಿಯೋ ನೋಡೋ ಚಟ, ಮದುವೆಗೆ ಮುಂಚೆ ಇದ್ದಿದ್ದು ಮತ್ತೆ ಹತ್ಕೊಂಡಿತ್ತು, ನೋಡಿದ ಮರುದಿನ ಪ್ರಾಯಶ್ಚಿತ್ತಕ್ಕೆ ಉಪವಾಸ, ಉಪವಾಸ ಮುಗಿದ ವಾರಕ್ಕೆ ಮತ್ತೆ ವಿಡಿಯೋ. ಜನ ಪ್ರಾರ್ಥನಾ ವೀರ ಅಂತಿದ್ದಿದ್ದು ಈ ಗಾಣದ ಸುತ್ತನ್ನ.

ಅವಳು ಈ ಹತ್ತೊಂಬತ್ತು ತಿಂಗಳು ಏನಂದ್ಕೊಂಡಿದ್ಲು ಗೊತ್ತಾ? ಹೆರಿಗೆ ಆದ್ಮೇಲೆ ನನ್ನ ಹೊಟ್ಟೆ, ನನ್ನ ಮೈ ನೋಡಿ ಇವರಿಗೆ ಅಸಹ್ಯ ಆಗಿದೆ ಅಂತ.

ಇಲ್ಲಿ ಸ್ವಲ್ಪ ವೈದ್ಯಕೀಯ ವಿಷಯ ಹೇಳಲೇಬೇಕು, ಯಾಕಂದ್ರೆ ಅರ್ಧ ಕಥೆ ಇರೋದು ಅಲ್ಲೇ. ಎದೆಹಾಲು ಕುಡಿಸೋ ಕಾಲದಲ್ಲಿ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಕಮ್ಮಿ ಇರುತ್ತೆ, ಅದರಿಂದ ಒಳಗೆ ಒಣಗಿದಂಗಾಗಿ ಚರ್ಮ ತೆಳುವಾಗಿರುತ್ತೆ, ಹೊಲಿಗೆ ಬಿದ್ದ ಜಾಗ ಎಳೆದಂಗಾಗುತ್ತೆ, ಒಂದು ಸಲ ನೋವಾದ್ರೆ ಮುಂದಿನ ಸಲ ಸ್ನಾಯು ತಾನಾಗೇ ಬಿಗಿ ಹಿಡಿಯುತ್ತೆ. ಇದು ಪ್ರೀತಿ ಕಮ್ಮಿಯಾಗಿದ್ದರ ಗುರುತಲ್ಲ, ದೇವರ ಶಿಕ್ಷೆಯೂ ಅಲ್ಲ. ಲೂಬ್ರಿಕೆಂಟ್ ಜೆಲ್ ಇದೆ, ಗೈನಕಾಲಜಿಸ್ಟ್ ಕೊಡೋ ಕ್ರೀಮ್ ಇದೆ, ಕಿಬ್ಬೊಟ್ಟೆ ಕೆಳಗಿನ ಸ್ನಾಯುಗಳಿಗೆ ಅಂತಲೇ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಇದೆ. ಗಾಯ ವಾಸಿಯಾಗಿದೆ ಅಂತ ಡಾಕ್ಟರ್ ಹೇಳೋದಕ್ಕೂ ದೇಹ ಸಿದ್ಧವಾಗಿದೆ ಅನ್ನೋದಕ್ಕೂ ವ್ಯತ್ಯಾಸ ಇದೆ ಅಂತ ಇವರಿಬ್ಬರಿಗೂ ಯಾರೂ ಹೇಳಿರಲಿಲ್ಲ. ಅವನನ್ನೂ ಡಾಕ್ಟರ್ ಹತ್ರ ಕಳಿಸಿದ್ವಿ, ನಿಮಿರುವಿಕೆ ತೊಂದ್ರೆ ಅಂದ್ರೆ ಮೊದಲು ಸಕ್ಕರೆ, ಬಿಪಿ, ಹೃದಯ ನೋಡಿಸ್ಬೇಕು, ರಕ್ತನಾಳದ ತೊಂದ್ರೆ ಕೆಲವು ಸಲ ಅಲ್ಲೇ ಮೊದಲು ಕಾಣಿಸ್ಕೊಳ್ಳುತ್ತೆ. ಬಿಪಿ ಸ್ವಲ್ಪ ಜಾಸ್ತಿ ಇತ್ತು, ಬೇರೆ ಎಲ್ಲ ಸರಿ. ಬೆಳಗಿನ ಜಾವ ತಾನಾಗೇ ನಿಮಿರುತ್ತೆ ಅಂತ ಅವನೇ ಹೇಳಿದ್ದ, ಅಂದ್ರೆ ಯಂತ್ರ ಕೆಟ್ಟಿಲ್ಲ, ಭಯ ಕೂತಿದೆ ಅಂತ ಡಾಕ್ಟರ್ ಅಂದ್ರಂತೆ.

ಆ ಭಯಕ್ಕೆ ಬೇರು ಎಲ್ಲಿತ್ತು ಅಂದ್ರೆ, ಹದಿಹರೆಯದಿಂದ ಅವನು ಕೇಳಿದ್ದು ಒಂದೇ ಮಾತು, ಶರೀರದ ಆಸೆ ಕೆಟ್ಟದ್ದು, ಮುಟ್ಟಬೇಡ, ನೋಡಬೇಡ, ಯೋಚ್ನೆ ಮಾಡಬೇಡ. ಮದುವೆಗೆ ಮುಂಚೆ ಸಂಯಮ ಬೇಕು ಅನ್ನೋದರಲ್ಲಿ ನನಗೆ ತಕರಾರಿಲ್ಲ, ಅದು ನಮ್ಮ ನಂಬಿಕೆ. ಆದ್ರೆ ಹತ್ತು ಹದಿನೈದು ವರ್ಷ ಇದು ಕೊಳಕು ಕೊಳಕು ಅಂತ ಹೇಳ್ಬಿಟ್ಟು ಮದುವೆ ರಾತ್ರಿ ಸ್ವಿಚ್ ಹಾಕ್ದಂಗೆ ಪವಿತ್ರ ಆಗ್ಬಿಡು ಅಂದ್ರೆ ಮನಸ್ಸು ಕೇಳುತ್ತಾ? ನಾವು ಸಭೆಯವರು ಮದುವೆ ತಯಾರಿ ಕ್ಲಾಸಲ್ಲಿ ದುಡ್ಡಿನ ಬಗ್ಗೆ ಒಂದು ಗಂಟೆ ಮಾತಾಡ್ತೀವಿ, ಈ ವಿಷಯ ಬಂದ್ರೆ "ಇಬ್ರೂ ಒಬ್ಬರನ್ನೊಬ್ಬರು ಅರ್ಥ ಮಾಡ್ಕೊಳ್ಳಿ" ಅಂತ ಒಂದು ಸಾಲು ಹೇಳಿ ಗಂಟಲು ಸರಿ ಮಾಡ್ಕೊಂಡು ಮುಂದಕ್ಕೆ ಹೋಗ್ತೀವಿ. ಇದರಲ್ಲಿ ನಾನೂ ಇದೀನಿ.

ಪವಿತ್ರರಾದವರು ಹೆಂಡತಿಯಿಂದ ದೂರ ಇರ್ತಾರೆ ಅನ್ನೋ ಅವನ ನಂಬಿಕೆ ಗಾಳಿಯಿಂದ ಬಂದಿದ್ದಲ್ಲ ಅನ್ನೋದೂ ನಿಜ. ಹಳೇ ಕಾಲದ ದೊಡ್ಡ ಕ್ರೈಸ್ತ ಪಂಡಿತ ಜೆರೋಮ್ ಕ್ರಿ.ಶ. 393ರಲ್ಲಿ ಬರೆದ ಒಂದು ವಾದದಲ್ಲಿ ತನ್ನ ಹೆಂಡತಿಯನ್ನೇ ಅತಿಯಾಗಿ ಮೋಹಿಸೋನು ವ್ಯಭಿಚಾರಿ ಅನ್ನೋ ಹಳೇ ಮಾತನ್ನ ಒಪ್ಪಿ ಎತ್ತಿ ಹೇಳ್ತಾನೆ. ಅದೇ ಕಾಲದ ಬಿಷಪ್ ಆಗಸ್ಟಿನ್ 401ರ ಸುಮಾರಿಗೆ ಮದುವೆಯ ಒಳ್ಳೇತನದ ಬಗ್ಗೆನೇ ಬರೆದು ಸಂತಾನ, ನಿಷ್ಠೆ, ಬಿಡಿಸಲಾಗದ ಬಂಧ ಅಂತ ಮೂರು ಒಳಿತು ಹೇಳ್ದ, ಆದ್ರೆ ಮಕ್ಕಳಿಗೋಸ್ಕರ ಅಲ್ಲದೆ ಬರೀ ಆಸೆಗೆ ಸೇರಿದ್ರೆ ಅದು ಸಣ್ಣದಾದ್ರೂ ದೋಷವೇ ಅಂದ. ದೊಡ್ಡ ಮನುಷ್ಯ, ನಾನು ಅವನ ಮುಂದೆ ಯಾವ ಲೆಕ್ಕ, ಆದ್ರೂ ಈ ಒಂದು ವಿಷಯದಲ್ಲಿ ನಾನು ಒಪ್ಪಲ್ಲ. ಬೈಬಲಲ್ಲಿರೋ ಪ್ರೇಮಗೀತೆಗಳ ಪುಸ್ತಕ ಪರಮಗೀತದ ಎಂಟು ಅಧ್ಯಾಯದಲ್ಲಿ ಆ ಇಬ್ಬರಿಗೆ ಮಕ್ಕಳಾಗಲಿ ಅನ್ನೋ ಮಾತೇ ಇಲ್ಲ, ಬರೀ ಒಬ್ಬರನ್ನೊಬ್ಬರು ನೋಡಿ ಖುಷಿಪಡೋದು. ಜ್ಞಾನೋಕ್ತಿ 5ರಲ್ಲಿ ಯೌವನದ ಹೆಂಡತಿಯಲ್ಲಿ ಆನಂದಿಸು ಅಂತ ನೇರವಾಗೇ ಇದೆ. ಧರ್ಮೋಪದೇಶಕಾಂಡ 24ರಲ್ಲಿ ಹೊಸದಾಗಿ ಮದುವೆ ಆದವನನ್ನ ಒಂದು ವರ್ಷ ಯುದ್ಧಕ್ಕೆ ಕಳಿಸಬಾರದು, ಮನೇಲಿದ್ದು ಹೆಂಡತಿಯನ್ನ ಸಂತೋಷಪಡಿಸಲಿ ಅಂತ ಕಾನೂನೇ ಇದೆ.

ಅದೇ ಆಗಸ್ಟಿನ್ ಎಕ್ಡೀಸಿಯಾ ಅನ್ನೋ ಹೆಂಗಸಿಗೆ ಬರೆದ ಒಂದು ಪತ್ರ ಇದೆ, ಅವನ ಪತ್ರಗಳಲ್ಲಿ 262ನೇದು. ಆಕೆ ಗಂಡನ ಒಪ್ಪಿಗೆ ಇಲ್ಲದೇ ಬ್ರಹ್ಮಚರ್ಯ ಶುರು ಮಾಡಿದ್ಲು, ಆಮೇಲೆ ಗಂಡ ಒಪ್ಪಿದ, ಅದಾದ್ಮೇಲೆ ಆಕೆ ಅವನನ್ನ ಕೇಳದೇ ಆಸ್ತಿನೂ ದಾನ ಮಾಡಿ ವಿಧವೆ ಥರ ಬಟ್ಟೆ ಹಾಕ್ಕೊಂಡ್ಲು, ಅವನು ಸಿಟ್ಟಿಗೆದ್ದು ದಾರಿ ತಪ್ಪಿದ. ಆಗಸ್ಟಿನ್ ಆಕೆಯನ್ನ ಹೊಗಳಲಿಲ್ಲ, ಒಪ್ಪಿಗೆ ಇಲ್ಲದೇ ಶುರು ಮಾಡಿದ್ದೇ ತಪ್ಪು ಅಂತ ಬೈದ. ಈ ಪತ್ರದ ವಿಷಯ ಯಜಮಾನ್ರು ಹೇಳಿದಾಗ ಹುಡುಗ ತುಂಬಾ ಹೊತ್ತು ಸುಮ್ನಿದ್ದು "ಅಂಕಲ್, ನಾನೇ ಆ ಹೆಂಗಸು" ಅಂದನಂತೆ.

ಮೂರನೇ ಭೇಟಿಗೆ ನಾಲ್ಕೂ ಜನ ಕೂತ್ವಿ. ಅವಳ ಮೊದಲ ಪ್ರಶ್ನೆಗೆ ಉತ್ತರ ನಾನು ಆವತ್ತು ಕೊಟ್ಟೆ. ಪರಮಗೀತ ಶುರುವಾಗೋದೇ ಹೆಣ್ಣಿನ ಬಾಯಿಂದ, ಅವನು ನನಗೆ ಮುದ್ದಿಡಲಿ ಅಂತ. ದೇವರ ಪುಸ್ತಕದಲ್ಲಿ ಹೆಣ್ಣಿನ ಆಸೆನೇ ಮೊದಲ ಸಾಲಾಗಿ ಇರೋವಾಗ ಪಾಪ ಎಲ್ಲಿಂದ ಬಂತಮ್ಮ ಅಂದೆ. ತಲೆ ತಗ್ಗಿಸಿ ಕೂತಿದ್ದವಳು ಗಂಡನ ಕಡೆ ನೋಡಿದ್ಲು, ಅವನು ನೆಲ ನೋಡ್ತಿದ್ದ. ಆಮೇಲೆ ಆ ರಾತ್ರಿಯ ವಿಷಯ ಅವನ ಬಾಯಿಂದಲೇ ಬಂತು. ಅವಳಿಗೆ ಆಶ್ಚರ್ಯ, "ಅಯ್ಯೋ, ಅವತ್ತು ನೀವು ತಕ್ಷಣ ನಿಲ್ಲಿಸಿದ್ರಲ್ಲ ರೀ, ಎಷ್ಟು ಒಳ್ಳೆಯವರು ಅಂದ್ಕೊಂಡಿದ್ದೆ ನಾನು". ಹತ್ತೊಂಬತ್ತು ತಿಂಗಳು ಇವನು ಅಪರಾಧ ಅಂತ ಹೊತ್ಕೊಂಡಿದ್ದು ಅವಳ ಲೆಕ್ಕದಲ್ಲಿ ಮರ್ಯಾದೆ ಆಗಿತ್ತು. ಗರ್ಭನಿರೋಧಕ ಬೇಡ ಅಂತ 1968ರಲ್ಲಿ ಪೋಪ್ ಆರನೇ ಪೌಲ್ ಹೊರಡಿಸಿದ ಪತ್ರ ಎಷ್ಟೋ ಜನಕ್ಕೆ ಗೊತ್ತು, ಅದೇ ಪತ್ರದಲ್ಲಿ ಸಂಗಾತಿಯ ಸ್ಥಿತಿ, ಇಷ್ಟ ನೋಡದೆ ಹೇರಿದ ಮಿಲನ ನಿಜವಾದ ಪ್ರೀತಿಯ ಕ್ರಿಯೆ ಅಲ್ಲ ಅಂತಲೂ ಇದೆ. ಹೇರೋದೇ ಹಿಂಸೆ ಅಂದ್ಮೇಲೆ, ಬೇಡ ಅಂದ ಕ್ಷಣ ನಿಲ್ಲಿಸಿದವನು ಹಿಂಸಕ ಹೇಗಾಗ್ತಾನೆ ಅಂತ ಯಜಮಾನ್ರು ಕೇಳಿದ್ರು.

ವಿಡಿಯೋ ವಿಷಯ ಮಾತ್ರ ಅಷ್ಟು ಸುಲಭಕ್ಕೆ ಮುಗೀಲಿಲ್ಲ. ನಾಲ್ಕನೇ ಭೇಟಿಯಲ್ಲಿ ಅವನೇ ಹೇಳ್ದ. ಅವಳು ಎದ್ದು ಹೊರಗೆ ಹೋದ್ಲು, ಮೂರು ವಾರ ಬರ್ಲಿಲ್ಲ. "ನನ್ನನ್ನ ಮುಟ್ಟೋಕೆ ದೇವರು ಅಡ್ಡ ಬರ್ತಿದ್ದ, ಅವರನ್ನ ನೋಡೋಕೆ ಬರ್ಲಿಲ್ವಾ" ಅಂದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. ಇಲ್ಲಿ ಒಂದು ಕೆಟ್ಟ ಸಲಹೆ ಚಲಾವಣೆಯಲ್ಲಿದೆ, ಹೆಂಡತಿ ಸರಿಯಾಗಿ ಕೊಟ್ಟಿದ್ರೆ ಗಂಡ ಹಾಗೆ ನೋಡ್ತಿರಲಿಲ್ಲ ಅನ್ನೋದು, ಅದಕ್ಕೂ ಅದೇ ಐದನೇ ವಚನನ ತಂದು ಅಂಟಿಸ್ತಾರೆ. ಸಂಯಮ ತಪ್ಪೋ ಅಪಾಯದ ಮಾತು ಅಲ್ಲಿರೋದು ಇಬ್ಬರಿಗೂ, ಮತ್ತೆ ಈ ಹುಡುಗಿ ಬೇಡ ಅಂದಿದ್ದೇ ಇಲ್ಲ. ಅವನ ಪಾಪದ ಲೆಕ್ಕ ಅವನದ್ದೇ, ಅದನ್ನ ಅವಳ ತಲೆ ಮೇಲೆ ಹಾಕೋಕೆ ನಾನು ಬಿಡಲಿಲ್ಲ. ಅವನೂ ಹಾಕ್ಲಿಲ್ಲ ಅನ್ನಿ, ಆ ಮಟ್ಟಿಗೆ ನೇರ ಮನುಷ್ಯ. ಫೋನ್ ರಾತ್ರಿ ಹತ್ತಕ್ಕೆ ಹಾಲ್‌ನಲ್ಲೇ ಚಾರ್ಜಿಗೆ, ವಾರಕ್ಕೊಂದು ಸಲ ಯಜಮಾನ್ರ ಹತ್ರ ಮುಚ್ಚುಮರೆ ಇಲ್ಲದ ಮಾತು, ಇಷ್ಟು ಶುರುವಾಯ್ತು. ಮೂರು ವಾರ ಆದ್ಮೇಲೆ ಅವಳು ಬಂದ್ಲು, ಪೂರ್ತಿ ಕ್ಷಮಿಸಿದೀನಿ ಅಂತ ಹೇಳ್ಲಿಲ್ಲ, "ಮುಂದಕ್ಕೆ ಏನ್ಮಾಡ್ಬೇಕು ಹೇಳಿ" ಅಂದ್ಲು.

ಮುಂದಕ್ಕೆ ಮಾಡಿದ್ದು ಕೇಳಿ ಅವನಿಗೆ ನಗು ಬಂತು. 1970ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಅನ್ನೋ ಇಬ್ಬರು ಸಂಶೋಧಕರು ಇಂಥ ಭಯಕ್ಕೆ ಅಂತಲೇ ಬರೆದ ಒಂದು ಕ್ರಮ ಇದೆ, ಇವತ್ತಿಗೂ ಕೌನ್ಸೆಲರ್‌ಗಳು ಬಳಸ್ತಾರೆ, ನಾವು ಅವರನ್ನ ಕಳಿಸಿದ ಕೌನ್ಸೆಲರ್ ಕೂಡ ಅದನ್ನೇ ಹೇಳಿದ್ರು. ಒಂದಿಷ್ಟು ವಾರ ಮಿಲನ ಬೇಡವೇ ಬೇಡ ಅಂತ ಇಬ್ರೂ ಸೇರಿ ಒಪ್ಕೋಬೇಕು, ಬರೀ ಒಬ್ಬರಾದ ಮೇಲೆ ಒಬ್ಬರು ಮುಟ್ಟೋದು, ಮೊದಮೊದಲು ಕೈ ಬೆನ್ನು ಕಾಲು ಅಷ್ಟೆ, ಹಿತ ಆದ್ರೆ ಹಿತ ಅನ್ನೋದು ಬೇಡ ಆದ್ರೆ ಬೇಡ ಅನ್ನೋದು, ಪರೀಕ್ಷೆ ಪಾಸ್ ಆಗಬೇಕು ಅನ್ನೋ ಒತ್ತಡನೇ ಇಲ್ಲ. "ಮತ್ತೆ ಉಪವಾಸನೇನಾ ಆಂಟಿ?" ಅಂದ ಅವನು. ಹೂಂ ಕಣಪ್ಪ, ಉಪವಾಸನೇ, ಆದ್ರೆ ಈ ಸಲ ಇಬ್ಬರ ಒಪ್ಪಿಗೆ ಇದೆ, ನಾಲ್ಕು ವಾರ ಅಂತ ಗಡುವಿದೆ, ಆಮೇಲೆ ಸೇರೋದು ಅಂತ ಗೊತ್ತಿದೆ, ಪೌಲ ಹೇಳಿದ ಮೂರೂ ಇದೆ ನೋಡು ಅಂದೆ. ಹೇಳಿದ್ಮೇಲೆ ನನಗೇ ಹೊಳೀತು ಅದು, ಮುಂಚೆ ಯೋಚ್ನೆ ಮಾಡಿ ಹೇಳಿದ್ದಲ್ಲ.

ಮೊದಲ ವಾರ ಇಬ್ಬರಿಗೂ ನಾಚಿಕೆ, ಎರಡನೇ ವಾರ ಅವನು ಮಧ್ಯದಲ್ಲೇ ನಿದ್ದೆ ಹೋಗಿ ಜಗಳ, ಒಂದಿನ ಮಗು ಎದ್ದು ಕೂತು ನೋಡ್ತಿತ್ತಂತೆ. ಮೂರನೇ ವಾರ ಅವಳು ಅವನ ತೋಳ ಮೇಲೆ ತಲೆ ಇಟ್ಟು ಎರಡು ಗಂಟೆ ಮಾತಾಡಿದ್ಲಂತೆ, ಹೀಬ್ರೂ ಬೈಬಲಲ್ಲಿ ಆದಾಮ ಹವ್ವಳನ್ನ ಸೇರಿದ ಅನ್ನೋ ಕಡೆ ಇರೋ ಪದದ ಅರ್ಥ "ತಿಳಿದ" ಅಂತ ನಾನು ಹೇಳಿದ್ದೆ, "ಅದು ಆ ರಾತ್ರಿ ಅರ್ಥ ಆಯ್ತು ಆಂಟಿ" ಅಂದ್ಲು. ಗಡುವಿಗೆ ನಾಲ್ಕು ದಿನ ಇರೋವಾಗ್ಲೇ ನಿಯಮ ಮುರಿದ್ರು, ಹೇಳೋವಾಗ ಸ್ಕೂಲ್ ಮಕ್ಕಳ ಥರ ಮುಖ ಮಾಡಿದ್ರು. ಜೆಲ್ ಇದ್ದೂ ಸ್ವಲ್ಪ ನೋವಾಯ್ತು, ಅವಳು "ಸಾಕು" ಅಂದ್ಲು, ಅವನು ನಿಲ್ಲಿಸ್ದ, ಇಬ್ರೂ ಪಕ್ಕದಲ್ಲೇ ಮಲಗಿದ್ರು. ಹಾಲ್‌ಗೆ ಯಾರೂ ಎದ್ದು ಹೋಗ್ಲಿಲ್ಲ. ನನ್ನ ಕಣ್ಣಿಗೆ ಈ ಕೇಸ್ ತಿರುಗಿದ್ದು ಆ ರಾತ್ರಿ, ಆಮೇಲೆ ಎಲ್ಲ ಸರಾಗವಾದ ರಾತ್ರಿ ಅಲ್ಲ.

ಈಗ ಎಂಟು ತಿಂಗಳಾಯ್ತು. ಫಿಸಿಯೋಥೆರಪಿ ಆದ್ಮೇಲೆ ನೋವು ಹೆಚ್ಚುಕಮ್ಮಿ ಇಲ್ಲ. ಅವನು ಬಿಪಿ ಮಾತ್ರೆ ತಗೋತಾನೆ. ನಡುವೆ ಒಂದು ಸಲ ಮತ್ತೆ ವಿಡಿಯೋಗೆ ಬಿದ್ದ, ಮರುದಿನವೇ ಅವಳಿಗೆ ಹೇಳ್ದ, ಅವಳು ಎರಡು ದಿನ ಮಾತು ಬಿಟ್ಲು, ಮೂರನೇ ದಿನ ಯಜಮಾನ್ರಿಗೆ ಫೋನ್ ಮಾಡಿ "ಅಂಕಲ್ ಇವರ ಜೊತೆ ಸ್ವಲ್ಪ ಕೂತ್ಕೊಳ್ಳಿ" ಅಂದ್ಲು. ಪ್ರಾರ್ಥನೆ ಈಗ ಬೆಡ್‌ರೂಮಲ್ಲೇ, ಇಬ್ರೂ ಸೇರಿ, ಐದು ನಿಮಿಷ. ಹೆಂಡತಿಯನ್ನ ಅರಿತು ಗೌರವದಿಂದ ಬಾಳಿ, ಇಲ್ಲಾಂದ್ರೆ ನಿಮ್ಮ ಪ್ರಾರ್ಥನೆಗೇ ಅಡ್ಡಿಯಾಗುತ್ತೆ ಅನ್ನೋ 1 ಪೇತ್ರ 3ರ ಮಾತನ್ನ ಒಂದು ಸಲ ಅವನೇ ಎತ್ತಿ "ಆ ಹತ್ತೊಂಬತ್ತು ತಿಂಗಳ ಪ್ರಾರ್ಥನೆ ಎಲ್ಲಿಗೆ ಹೋಯ್ತೋ ಗೊತ್ತಿಲ್ಲ ಅಂಕಲ್" ಅಂತ ನಕ್ಕನಂತೆ.

ಈ ಸಲ ಶುಭ ಶುಕ್ರವಾರಕ್ಕೆ ಮುಂಚೆ ಅವನಿಗೆ ಮೂರು ದಿನ ಉಪವಾಸ ಇರಬೇಕು ಅನ್ನಿಸ್ತಂತೆ. ಹೋಗಿ ಅವಳನ್ನ ಕೇಳಿದಾನೆ. ಅವಳು ಸ್ವಲ್ಪ ಯೋಚ್ನೆ ಮಾಡಿ "ಮೂರು ಬೇಡ ರೀ, ಎರಡು ಸಾಕು, ನಾನೂ ಇರ್ತೀನಿ" ಅಂದ್ಲಂತೆ. ಎರಡೇ ದಿನ ಇದ್ರು.